ನಾನೂ ಒಂದೇ ವರ್ಷ ಅಂದುಬಿಟ್ಟೆ, ಆಂಟಿ

ನಾನು ಆಪ್ತಸಲಹೆಗಾರ್ತಿ. ಮಗು ಚಿಯರ್‌ಲೀಡಿಂಗ್‌ನ ಯಾವ ಲೆವೆಲ್‌ನಲ್ಲಿ ಇರಬೇಕು ಅನ್ನುವುದರಿಂದ ಹುಟ್ಟಿದ ತೊಂದರೆ ಹಿಡಿದುಕೊಂಡು ಒಂದೇ ವರ್ಷದಲ್ಲಿ ಮೂರು ಕುಟುಂಬಗಳು ನನ್ನ ಹತ್ತಿರ ಬಂದವು. ಮೂರನೆಯದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಟೆಕ್ಸಸ್‌ನಲ್ಲಿರುವ ಕನ್ನಡದ ಮನೆ. ಮಗಳಿಗೆ ಹನ್ನೆರಡು ವರ್ಷ, ಇಲ್ಲಿ ಪುಟ್ಟಿ ಅನ್ನೋಣ. ನಾಲ್ಕು ವರ್ಷದಿಂದ ಆಲ್ ಸ್ಟಾರ್ ಚಿಯರ್ ಕಲಿಯುತ್ತಿದ್ದಾಳೆ. ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಐಪಿಎಲ್ ಬೌಂಡರಿ ಗೆರೆ ಪಕ್ಕ ಕುಣಿಯುವುದಲ್ಲ. ಇಲ್ಲಿ ಇವರು ಯಾವ ತಂಡವನ್ನೂ ಹುರಿದುಂಬಿಸಲು ಬಂದವರಲ್ಲ, ಇವರೇ ಸ್ಪರ್ಧಿಗಳು. ಪಲ್ಟಿ, ಜಿಗಿತ, ಒಬ್ಬಳನ್ನು ಮೂವರು ಎತ್ತಿ ನಿಲ್ಲಿಸುವ ಸ್ಟಂಟ್, ಪಿರಮಿಡ್, ಕುಣಿತ, ಎಲ್ಲ ಎರಡೂವರೆ ನಿಮಿಷದಲ್ಲಿ ಮುಗಿಯಬೇಕು. ವಯಸ್ಸು ಮತ್ತು ಲೆವೆಲ್ ನೋಡಿ ತಂಡ ಮಾಡುತ್ತಾರೆ. ಲೆವೆಲ್ 1ರಲ್ಲಿ ಕೈ ಊರಿ ಪಕ್ಕಕ್ಕೆ ಚಕ್ರದ ಹಾಗೆ ಉರುಳುವ ಕಾರ್ಟ್‌ವೀಲ್, ಕೈ ಊರಿ ಒಂದೊಂದೇ ಕಾಲು ದಾಟಿಸಿ ನಿಧಾನವಾಗಿ ತಿರುಗುವ ವಾಕ್‌ಓವರ್. 2ರಲ್ಲಿ ಹಿಂದಕ್ಕೆ ಹಾರಿ ಕೈ ಊರಿ ಏಳುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್. 3ರಲ್ಲಿ ಓಡಿ ಬಂದು ಗಾಳಿಯಲ್ಲೇ ಹಿಂಪಲ್ಟಿ ಹೊಡೆಯುವ ಟಕ್. ನಿಂತಲ್ಲೇ ಟಕ್, ಮೈ ನೇರವಾಗಿಟ್ಟು ಹೊಡೆಯುವ ಲೇಔಟ್, ಇವು 4ಕ್ಕೆ ಸೇರಿದವು.

ಪುಟ್ಟಿಗೆ ನಿಂತಲ್ಲೇ ಟಕ್ ಬರುತ್ತದೆ. ಲೇಔಟ್ ಬಂದು ಒಂದು ವರ್ಷವಾಗಿದೆ. ಆದರೂ ಸತತ ಮೂರನೇ ಸೀಸನ್ ಅವಳು ಲೆವೆಲ್ 2ರ ತಂಡದಲ್ಲೇ ಇದ್ದಳು. ಅವಳಂಥ ಮಕ್ಕಳು ಆ ತಂಡದಲ್ಲಿ ಇನ್ನೂ ಕೆಲವರಿದ್ದರು. ಹೋದ ಕಡೆಯೆಲ್ಲ ಮೊದಲ ಸ್ಥಾನ.

ಗೆಲ್ಲಲೆಂದು ಮಕ್ಕಳನ್ನು ಅವರ ಮಟ್ಟಕ್ಕಿಂತ ಕೆಳಗಿನ ಲೆವೆಲ್‌ನಲ್ಲಿ ಇಳಿಸುವ ಇದಕ್ಕೆ ಅಲ್ಲಿ ಸ್ಯಾಂಡ್‌ಬ್ಯಾಗಿಂಗ್ ಅನ್ನುತ್ತಾರೆ. ಲೆವೆಲ್ 2ರಲ್ಲಿ ಟಕ್ ಹೊಡೆದರೆ ಅಂಕ ಕಳೆಯುತ್ತಾರೆ, ಆದರೆ ಟಕ್ ಬರುವ ಮಗು ಅಲ್ಲಿ ಬರೀ ಹ್ಯಾಂಡ್‌ಸ್ಪ್ರಿಂಗ್ ಮಾಡಿ ತೋರಿಸಿದರೆ ಕಾಲು ಜೋಡಿಸಿಕೊಂಡು, ಬೆರಳು ಚಾಚಿಕೊಂಡು, ಎಲ್ಲರೂ ಒಂದೇ ತಾಳಕ್ಕೆ ಎಷ್ಟು ಅಚ್ಚುಕಟ್ಟಾಗಿ ಬರುತ್ತದೆ ಎಂದರೆ ಈಗಷ್ಟೇ ಕಲಿತ ಮಕ್ಕಳು ಅದರ ಮುಂದೆ ನಿಲ್ಲುವುದೇ ಕಷ್ಟ. ಐದನೇ ಕ್ಲಾಸಿನವರನ್ನು ಎರಡನೇ ಕ್ಲಾಸಿನ ಮಗ್ಗಿ ಸ್ಪರ್ಧೆಗೆ ಕೂರಿಸಿದ ಹಾಗೆ.

ಪುಟ್ಟಿಯನ್ನು ಕರೆತಂದದ್ದು ಹೊಟ್ಟೆನೋವಿಗೆ. ಸ್ಪರ್ಧೆಯ ಹಿಂದಿನ ರಾತ್ರಿ ಶುರುವಾಗುತ್ತಿತ್ತು. ಡಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ದರು. ಗೆದ್ದಾಗ ಕೊಟ್ಟ ಜಾಕೆಟ್ಟನ್ನು ಅವಳು ಸ್ಕೂಲಿಗೆ ಹಾಕಿಕೊಂಡು ಹೋಗಲ್ಲ ಅಂತ ಅಮ್ಮ ನಡುವೆ ಹೇಳಿದರು, ಅದು ಬೇರೆ ವಿಷಯ ಅನ್ನುವ ಹಾಗೆ. ನಾನೂ ಮೊದಲೆರಡು ಸಲ ಇದು ಸ್ಪರ್ಧೆಯ ಭಯ ಅಂತಲೇ ಅಂದುಕೊಂಡೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ.

ಮೂರನೇ ಸಲ ಅವಳು ಅಮ್ಮ ಹೊರಗೆ ಕೂರಲಿ ಅಂದಳು. ಕೈಯಲ್ಲಿ ತಲೆಗೆ ಕಟ್ಟುವ ದೊಡ್ಡ ರಿಬ್ಬನ್ ಬೋ ಇತ್ತು. ಅದಕ್ಕೆ ಅಂಟಿಸಿದ್ದ ಹೊಳೆಯುವ ಕಲ್ಲುಗಳನ್ನು ಉಗುರಿನಿಂದ ಒಂದೊಂದಾಗಿ ಕೀಳುತ್ತಾ ಮಾತಾಡಿದಳು. ಹಿಂದಿನ ಸ್ಪರ್ಧೆಯಲ್ಲಿ ಬಾತ್‌ರೂಮಿನ ಕನ್ನಡಿ ಮುಂದೆ ಬೇರೆ ತಂಡದ ಒಬ್ಬಳು ಹುಡುಗಿ ಸಿಕ್ಕಿದ್ದಳಂತೆ. ಅದೇ ಲೆವೆಲ್, ಇವಳಿಗಿಂತ ಚಿಕ್ಕವಳು. ಅವಳ ಬೋ ಜಾರಿತ್ತು, ಪುಟ್ಟಿ ಸರಿಮಾಡಿ ಕಟ್ಟಿಕೊಟ್ಟಳು. ಆ ಹುಡುಗಿ, ನೀನು ಎಷ್ಟು ಚೆನ್ನಾಗಿ ಮಾಡ್ತೀಯ, ನಾನು ಸೇರಿ ಒಂದು ವರ್ಷ ಆಯ್ತು, ನೀನು ಸೇರಿ ಎಷ್ಟಾಯ್ತು ಅಂತ ಕೇಳಿದಳಂತೆ.

"ನಾನೂ ಒಂದೇ ವರ್ಷ ಅಂದುಬಿಟ್ಟೆ, ಆಂಟಿ."

ಯಾಕೆ ಹಾಗೆ ಹೇಳಿದೆ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ನಾಲ್ಕು ಅಂದಿದ್ದರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು ಅಂದಳು. ಆಮೇಲೆ ತಲೆ ಎತ್ತದೆ ಇನ್ನೊಂದು ಮಾತು ಹೇಳಿದಳು. "ಅವಳೂ ಒಂದು ವರ್ಷ, ನಾನೂ ಒಂದು ವರ್ಷ. ಅವಳು ಮನೆಗೆ ಹೋಗಿ ತನಗೆ ಇದು ಬರೋದೇ ಇಲ್ಲ ಅಂದುಕೊಂಡಿರ್ತಾಳೆ, ಅಲ್ವಾ?"

ಹನ್ನೆರಡು ವರ್ಷದ ಮಗು ಇಷ್ಟು ದೂರ ಯೋಚನೆ ಮಾಡಿತ್ತು. ಹೊಟ್ಟೆನೋವು ಎಲ್ಲಿಂದ ಬರುತ್ತಿತ್ತು ಅಂತ ನನಗೆ ಆಗ ಅರ್ಥವಾಯಿತು. ಅವಳಿಗೆ ಸೋಲುವ ಭಯ ಇರಲೇ ಇಲ್ಲ. ನೀನು ಸುಳ್ಳು ಹೇಳಿದ್ದು ಹೌದು, ಆದರೆ ಆ ಸುಳ್ಳು ಹೇಳಬೇಕಾದ ಜಾಗಕ್ಕೆ ನಿನ್ನನ್ನು ತಂದು ನಿಲ್ಲಿಸಿದವರು ದೊಡ್ಡವರು ಅಂತ ಅವಳಿಗೆ ಹೇಳಿದೆ. ಅಷ್ಟನ್ನಾದರೂ ಅವಳ ತಲೆಯಿಂದ ಇಳಿಸಬೇಕಿತ್ತು.

ಅಪ್ಪ ಅಮ್ಮನಿಗೆ ಹೇಳಿದ್ದು ಬೇರೆ. ಸೀಸನ್ ಮಧ್ಯೆ ಬಿಡಿಸಬೇಡಿ ಅಂದೆ. ಸ್ಟಂಟಿನಲ್ಲಿ ಪುಟ್ಟಿ ಬೇಸ್, ಕೆಳಗೆ ನಿಂತು ಎತ್ತುವವಳು. ಅವಳು ಎದ್ದು ಹೋದರೆ ಇನ್ನೊಬ್ಬ ಬೇಸ್, ಹಿಂದೆ ನಿಲ್ಲುವವಳು, ಮೇಲೇರುವ ಫ್ಲೈಯರ್, ಮೂವರೂ ನಡುನೀರಿನಲ್ಲಿ. ಅದರ ಬದಲು ಕೋಚ್ ಜೊತೆ ಮಾತಾಡಲು ಸಮಯ ಕೇಳಿ, ಮಗಳನ್ನೂ ಕೂರಿಸಿಕೊಳ್ಳಿ, ಜಗಳ ಮಾಡಬೇಡಿ ಅಂದೆ. ತಂಡಕ್ಕೆ ಆರಿಸುವ ಟ್ರೈಔಟ್‌ನಲ್ಲಿ ಏನು ನೋಡಿದಿರಿ, ಮೇಲಿನ ಲೆವೆಲ್‌ಗೆ ಇವಳಲ್ಲಿ ಏನು ಕಡಿಮೆ ಇದೆ, ಮತ್ತೆ ಯಾವಾಗ ನೋಡುತ್ತೀರಿ, ಇಷ್ಟು ಮಾತ್ರ ಕೇಳಿ. ಕೋಚ್ ಹತ್ತಿರ ನಿಜವಾದ ಉತ್ತರ ಇರಬಹುದು. ಪಲ್ಟಿ ಒಂದನ್ನೇ ನೋಡಿ ಲೆವೆಲ್ ಹೇಳಲಾಗುವುದಿಲ್ಲ. ಟಂಬ್ಲಿಂಗ್, ಅಂದರೆ ಪಲ್ಟಿ, 4ರಲ್ಲಿದ್ದು ಸ್ಟಂಟ್ 2ರಲ್ಲೇ ಇರುವ ಮಕ್ಕಳು ಬೇಕಾದಷ್ಟು ಜನ ಇದ್ದಾರೆ.

ಅಮ್ಮನಿಗೆ ಸಿಟ್ಟು ಬಂತು. ಗೆಲ್ಲೋದು ತಪ್ಪಾ, ಇಷ್ಟು ದುಡ್ಡು ಸುರಿದು, ವಾರಾಂತ್ಯ ಎಲ್ಲ ಅದಕ್ಕೇ ಇಟ್ಟು, ಈಗ ಮಗು ಗೆಲ್ಲುವಾಗ ನೀವೇ ಕೆಡಿಸುತ್ತಿದ್ದೀರಲ್ಲ ಅಂದರು. ನನ್ನ ಜೊತೆಯ ಆಪ್ತಸಲಹೆಗಾರರೊಬ್ಬರೂ, ಮಗುವಿನ ಹೊಟ್ಟೆನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೆಲಸ, ಚಿಯರ್ ಜಿಮ್ಮಿನವರು ತಂಡ ಕಟ್ಟುವುದರಲ್ಲಿ ಯಾಕೆ ಕೈ ಹಾಕಿದಿರಿ ಅಂದರು. ಇಬ್ಬರ ಮಾತಿನ ಬಗ್ಗೆಯೂ ಯೋಚಿಸಿದೆ. ಆದರೆ ಈಗಲೂ ಅದನ್ನೇ ಹೇಳುತ್ತೇನೆ. ಮಗು ನೋಡಿದ ಅನ್ಯಾಯ ನಿಜವಾಗಿ ಅಲ್ಲೇ ಇರುವಾಗ ಉಸಿರು ಎಳೆದುಕೋ, ಬಿಡು ಅಂತ ಹೇಳಿ ಕಳಿಸುವುದು ಆ ಮಗುವಿಗೆ ನಿನ್ನ ಕಣ್ಣನ್ನು ನಂಬಬೇಡ ಅಂತ ಕಲಿಸಿದ ಹಾಗೆ.

ಮೊದಲ ಎರಡು ಕುಟುಂಬಗಳದ್ದು ಉಲ್ಟಾ ಕಥೆ. ಟ್ರಾಂಪೊಲಿನ್ ಮೇಲೆ ಹತ್ತು ಸಲದಲ್ಲಿ ಎರಡು ಸಲ ಟಕ್ ಬಂದರೆ ಸಾಕು, ನನ್ನ ಮಗಳಿಗೆ ಲೆವೆಲ್ 4 ಯಾಕಿಲ್ಲ ಅಂತ ಅಪ್ಪಂದಿರ ಜಗಳ. ಆ ಮಕ್ಕಳಿಗೂ ಹೊಟ್ಟೆನೋವೇ. ಹಿಂದಕ್ಕೆ ಹಾರುವಾಗ ಅರ್ಧದಲ್ಲಿ ಹೆದರಿ ನಿಂತರೆ ಕುತ್ತಿಗೆಗೇ ಪೆಟ್ಟಾಗಬಹುದು. ಅವರಿಗೂ ಪುಟ್ಟಿಯ ಮನೆಯವರಿಗೂ ನಾನು ಕೇಳಿದ್ದು ಒಂದೇ: ಎರಡೂವರೆ ನಿಮಿಷದ ರೊಟೀನ್ ಕೊನೆಯಲ್ಲಿ, ಸುಸ್ತಾಗಿರುವಾಗ, ನೆಲದ ಮೇಲೆ, ಯಾರೂ ಕೈ ಆಸರೆ ಕೊಡದೆ, ಪ್ರತಿ ಸಲವೂ ಈ ಮಗು ಏನು ಮಾಡಬಲ್ಲದು? ಅದೇ ಅವಳ ಲೆವೆಲ್.

ಪುಟ್ಟಿಯೇ ಕೋಚ್ ಎದುರು ಮೂರು ಪ್ರಶ್ನೆ ಕೇಳಿದಳು. ಮೇ ತಿಂಗಳ ಟ್ರೈಔಟ್‌ನಲ್ಲಿ ಅವಳಿಗೆ 4 ಸಿಗಲಿಲ್ಲ, 3 ಸಿಕ್ಕಿತು. ಒಂಟಿ ಕಾಲಿನ ಸ್ಟಂಟ್ ಎತ್ತುವಾಗ ಅವಳ ಭುಜ ಇನ್ನೂ ನಡುಗುತ್ತದೆ ಅಂತ ಕೋಚ್ ತೋರಿಸಿಕೊಟ್ಟರಂತೆ. ಅದು ಹೌದು ಆಂಟಿ ಅಂದಳು. ಹೊಸ ತಂಡ ಮೊದಲ ಸ್ಪರ್ಧೆಯಲ್ಲಿ ಆರನೇ ಸ್ಥಾನಕ್ಕೆ ಬಂತು. ಹಿಂದಿನ ರಾತ್ರಿ ಹೊಟ್ಟೆ ನೋಯಲಿಲ್ಲ. ಅಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ, ಆದರೆ ಅದನ್ನು ಮೆಸೇಜ್ ಮಾಡಿ ತಿಳಿಸಿದ್ದು ಅವರೇ.