ಹಸಿವು ಬೇರೆ, ನಡುಕ ಬೇರೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಮಾತು. “800 ಕ್ಯಾಲೊರಿ ಡಯಟ್ ಶುರು ಮಾಡಿದ್ದೇನೆ ಮೇಡಂ, ಹಸಿವು ತಡೆಯೋಕೆ ಆಗುತ್ತಿಲ್ಲ, ಏನಾದರೂ ಉಪಾಯ ಹೇಳಿ.” ಹೋದ ಸಲವೂ ಇದೇ, ಅದರ ಹಿಂದಿನ ಸಲವೂ ಇದೇ. ಉಪಾಯ ಕೇಳುವವರು ಎರಡು ವಿಷಯ ಮಾತ್ರ ಬರೆಯುವುದೇ ಇಲ್ಲ. ಈ ಡಯಟ್ ಮಾಡಿ ಅಂತ ಹೇಳಿದವರು ಯಾರು? ನೀವು ದಿನಾ ನುಂಗುವ ಮಾತ್ರೆ ಯಾವುದು? ಇವೆರಡು ಗೊತ್ತಿಲ್ಲದೆ ಹಸಿವಿನ ಬಗ್ಗೆ ನಾನು ಏನು ಹೇಳಿದರೂ ತಪ್ಪಾಗಬಹುದು. ಒಬ್ಬರು ಮಾತ್ರ ಎರಡನ್ನೂ ಬರೆದಿದ್ದಾರೆ. ಅದಕ್ಕೇ ಅವರಿಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ, ತೂಕ 94 ಕೆ.ಜಿ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಮೂರು ವರ್ಷದಿಂದ ಶುಗರ್. ಕಡಿಮೆ ತಿಂದರೆ ಶುಗರ್ ಪೂರ್ತಿ ಹೋಗುತ್ತದೆ ಅಂತ ಗೆಳೆಯರೊಬ್ಬರು 800 ಕ್ಯಾಲೊರಿ ಚಾರ್ಟ್ ಕಳಿಸಿದರು. ಬೆಳಿಗ್ಗೆ ಎರಡು ಇಡ್ಲಿ, ಕಾಫಿ. ಹನ್ನೊಂದಕ್ಕೆ ಬಾಳೆಹಣ್ಣು. ಒಂದು ಗಂಟೆಗೆ ಅರ್ಧ ಬಟ್ಟಲು ಅನ್ನ, ಸಾರು, ಪಲ್ಯ. ನಾಲ್ಕಕ್ಕೆ ಟೀ, ಎರಡು ಬಿಸ್ಕತ್ತು. ರಾತ್ರಿ ಅಂಗಡಿ ಮುಚ್ಚಿ ಬಂದು ಹತ್ತಕ್ಕೆ ಒಂದು ಚಪಾತಿ, ಪಲ್ಯ. ಇವತ್ತಿಗೆ ಒಂಬತ್ತು ದಿನ. ಸಂಜೆ ಪಕ್ಕದಂಗಡಿಗೆ ಮಂಡಕ್ಕಿ, ಮೆಣಸಿನಕಾಯಿ ಬಂದರೆ ಆ ವಾಸನೆಗೇ ಪ್ರಾಣ ಹೋದ ಹಾಗಾಗುತ್ತದೆ. ಆರೂವರೆ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತದೆ, ಮನಸ್ಸು ಗಟ್ಟಿ ಮಾಡಿ ತಡೆದುಕೊಳ್ಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಮಂಡಕ್ಕಿ ಡಬ್ಬಕ್ಕೆ ಕೈ ಹಾಕದೆ ನಿದ್ದೆ ಬರುವುದಿಲ್ಲ. ಹಸಿವು ತಡೆಯುವುದು ಹೇಗೆ? ಗ್ಲಿಮೆಪಿರೈಡ್ ಮಾತ್ರೆ ಎಂದಿನಂತೆ ತಗೊಳ್ತಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ಬರಬೇಕಾದ ಸಾಲನ್ನು ಕೊನೆಗೆ ಬರೆದಿದ್ದೀರಿ. ಗ್ಲಿಮೆಪಿರೈಡ್ ಮಾತ್ರೆ ನಿಮ್ಮ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಮಾತ್ರೆ ಹಳೆಯದೇ, ಊಟ ಮಾತ್ರ ಅರ್ಧಕ್ಕಿಂತ ಕಡಿಮೆ. ಆರೂವರೆಗೆ ನಿಮಗೆ ಆಗುತ್ತಿರುವುದು ಹಸಿವಲ್ಲ. ಬಹುಮಟ್ಟಿಗೆ ಅದು ಶುಗರ್ ಕುಸಿಯುತ್ತಿರುವುದು.

ಇದನ್ನು ಮನಸ್ಸು ಗಟ್ಟಿ ಮಾಡಿ ತಡೆದುಕೊಳ್ಳಬಾರದು. ಒಂದು ದಿನವೂ ತಡೆದುಕೊಳ್ಳಬಾರದು.

ಹಸಿವು ಹೊಟ್ಟೆಯಲ್ಲಿ ಇರುತ್ತದೆ. ಚುರುಗುಟ್ಟುತ್ತದೆ, ಬಾಯಲ್ಲಿ ನೀರೂರುತ್ತದೆ, ಸಿಡಿಮಿಡಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಶುಗರ್ ಕುಸಿದಾಗ ಮೈಯೆಲ್ಲ ಹೇಳುತ್ತದೆ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಕಣ್ಣು ಮಂಜು, ಮಾತು ತೊದಲು. ಆಗ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ, ಅಥವಾ ಯಂತ್ರ ಹತ್ತಿರ ಇಲ್ಲದಿದ್ದರೆ, ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೂ ಸುಮ್ಮನೆ ಬಿಡಬೇಡಿ, ಊಟ ಮಾಡಿ, ಏಕೆಂದರೆ ಈ ಜಾತಿಯ ಮಾತ್ರೆಯಿಂದ ಕುಸಿದ ಶುಗರ್ ಕೆಲವು ಗಂಟೆ ಬಿಟ್ಟು ಮತ್ತೆ ಕುಸಿಯಬಹುದು. ಡಯಟ್ ಕೆಡುತ್ತದೆ ಅಂತ ಆ ಸಕ್ಕರೆಗೆ ಲೆಕ್ಕ ಹಾಕಬೇಡಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿವೃತ್ತ ಟೀಚರೊಬ್ಬರನ್ನು ಎಮರ್ಜೆನ್ಸಿಗೆ ಕರೆತಂದಿದ್ದರು. ಯಾರೋ ಹೇಳಿದರು ಅಂತ ಊಟ ಬಿಟ್ಟಿದ್ದರು, ಮಾತ್ರೆ ಬಿಟ್ಟಿರಲಿಲ್ಲ. ಉಪವಾಸ ಮಾಡಿ ರೂಢಿ ಇದ್ದವರು, ಇದೂ ಹಾಗೇ ಅಂದುಕೊಂಡಿದ್ದರು. ಮಗ ಬಂದು ನೋಡಿದಾಗ ಅಡುಗೆಮನೆ ನೆಲದ ಮೇಲೆ ಬಿದ್ದಿದ್ದರಂತೆ. ಸಕ್ಕರೆ ಡಬ್ಬದ ಮುಚ್ಚಳ ಅರ್ಧ ತಿರುಗಿಸಿದ್ದು ಹಾಗೇ ಕೈಯಲ್ಲಿತ್ತಂತೆ. ಬದುಕಿದರು. ಆದರೆ ಆ ಮುಚ್ಚಳದ ಮಾತು ಕೇಳಿದ ದಿನದಿಂದ, ಹಸಿವು ಅಂದವರನ್ನು ಮಾತ್ರೆಯ ಹೆಸರು ಕೇಳದೆ ನಾನು ಮುಂದಕ್ಕೆ ಬಿಡುವುದಿಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟು. ಇವತ್ತೇ ಡಯಟ್ ನಿಲ್ಲಿಸಿ, ಮೊದಲಿನ ಊಟಕ್ಕೆ ಬನ್ನಿ. ಮಾತ್ರೆ ನೀವೇ ನಿಲ್ಲಿಸಬೇಡಿ. ನಾಳೆ ಡಾಕ್ಟರ ಹತ್ತಿರ ಹೋಗಿ, ಈ ಚಾರ್ಟ್ ತೋರಿಸಿ, ಸಂಜೆಯ ನಡುಕ ಹೇಳಿ. ಅವರು ಒಪ್ಪಿ, ಮಾತ್ರೆ ಸರಿಮಾಡಿ, ರಕ್ತಪರೀಕ್ಷೆ ಮಾಡಿಸಿದ ಮೇಲೆ ಮತ್ತೆ ಶುರು ಮಾಡಿ. ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರೂ ಕೇಳಿಸಿಕೊಳ್ಳಿ. ಅದರ ಜೊತೆ ಊಟ ಇಷ್ಟು ಇಳಿಸಿದರೆ ಶುಗರ್ ಸರಿಯಾಗಿ ಕಾಣುತ್ತಿದ್ದರೂ ರಕ್ತದಲ್ಲಿ ಆಮ್ಲ ಏರಬಹುದು. ವಾಂತಿ, ಏದುಸಿರು ಬಂದರೆ ನೇರ ಆಸ್ಪತ್ರೆಗೆ.

ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಬ್ರಿಟನ್ನಿನಲ್ಲಿ ನಡೆದ ‘ಡೈರೆಕ್ಟ್’ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಶುಗರ್ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ತಗೊಳ್ಳದ ಜನಕ್ಕೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿ ಮಾತ್ರ ಕೊಟ್ಟರು. ಒಂದು ವರ್ಷದ ಕೊನೆಗೆ ನೂರರಲ್ಲಿ 46 ಜನರ ಶುಗರ್ ಮಾತ್ರೆ ಇಲ್ಲದೆ ಹತೋಟಿಯಲ್ಲಿತ್ತು. ಎರಡನೇ ವರ್ಷಕ್ಕೆ ಅದು 36ಕ್ಕೆ ಇಳಿಯಿತು. ನಿಮ್ಮ ಚಾರ್ಟ್ ಕಳಿಸಿದವರು ಹೇಳದೆ ಬಿಟ್ಟದ್ದು ಇದು: ಅಲ್ಲಿ ಶುಗರ್, ಬಿ.ಪಿ. ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದರು. ವಿಟಮಿನ್, ಖನಿಜ ಎಲ್ಲ ಲೆಕ್ಕ ಹಾಕಿ ಸೇರಿಸಿದ ಪೇಯ ಕೊಟ್ಟಿದ್ದರು. ನರ್ಸ್ ಅಥವಾ ಡಯಟೀಷಿಯನ್ ಆಗಾಗ ನೋಡುತ್ತಿದ್ದರು. ಇದು ಚಿಕಿತ್ಸೆ. ಮನೆ ಊಟವನ್ನು ಕಾಲು ಭಾಗಕ್ಕೆ ಇಳಿಸುವುದಲ್ಲ.

ಡಾಕ್ಟರು ಒಪ್ಪಿದರು ಅಂತ ಇಟ್ಟುಕೊಂಡು ನಿಜವಾದ ಹಸಿವಿಗೆ ಬರೋಣ.

ನಿಮ್ಮ ಚಾರ್ಟ್ ಕೂಡಿಸಿ ನೋಡಿದೆ. ಕ್ಯಾಲೊರಿ ಸುಮಾರು 800ಕ್ಕೇ ಬರುತ್ತದೆ. ಪ್ರೋಟೀನ್ 25 ಗ್ರಾಂ ದಾಟುವುದಿಲ್ಲ. ನಿಮ್ಮ ಮೈಗೆ ಈ ಡಯಟ್‌ನಲ್ಲಿ ಕಡಿಮೆ ಅಂದರೂ 70 ಗ್ರಾಂ ಬೇಕು. ಹಸಿವು ನಿಲ್ಲದಿರುವುದಕ್ಕೆ ದೊಡ್ಡ ಕಾರಣ ಇದೇ. ಇಡ್ಲಿ, ಬಾಳೆಹಣ್ಣು, ಬಿಸ್ಕತ್ತು ಎಲ್ಲ ಪಿಷ್ಟ, ಸಕ್ಕರೆ. ಬೇಗ ಹೊಟ್ಟೆ ಬಿಡುತ್ತವೆ. ಜೊತೆಗೆ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊಟ್ಟೆ ತಿನ್ನುವವರಾದರೆ ಸುಲಭ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, 75 ಕ್ಯಾಲೊರಿ. ಬರೀ ಬಿಳಿಭಾಗ ಆದರೆ ಮೂರೂವರೆ ಗ್ರಾಂ, 17 ಕ್ಯಾಲೊರಿ. ಸಸ್ಯಾಹಾರಿಗಳಿಗೆ ಕಷ್ಟ, ಆದರೆ ಆಗದ್ದಲ್ಲ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 26 ಗ್ರಾಂ ಸಿಗುತ್ತದೆ. ಕೆನೆ ತೆಗೆದ ಹಾಲಿನ ಮೊಸರು ಎರಡು ಬಟ್ಟಲು, ಒಂದು ಅಳತೆ ವೇ ಪ್ರೋಟೀನ್ ಪುಡಿ ಸೇರಿದರೆ 60 ದಾಟುತ್ತೀರಿ, ಕ್ಯಾಲೊರಿ 450 ಆಸುಪಾಸು. ಉಳಿದದ್ದು ತರಕಾರಿಗೆ. ಸೋರೆ, ಪಡವಲ, ಹೀರೆ, ಸೊಪ್ಪು, ಸೌತೆ, ಇವು ತಟ್ಟೆ ತುಂಬ ಇರಲಿ. ಎಣ್ಣೆ ಮಾತ್ರ ಚಮಚದಲ್ಲಿ ಅಳೆದು ಹಾಕಿ. ಒಂದು ಟೀ ಚಮಚಕ್ಕೆ 45 ಕ್ಯಾಲೊರಿ. ಮೂತ್ರಪಿಂಡದ ತೊಂದರೆ ಇದ್ದವರು ಈ ಲೆಕ್ಕ ಹಿಡಿಯಬಾರದು.

ಎರಡನೆಯದು ಹೊತ್ತು. ಒಂದು ಗಂಟೆಗೆ ಊಟ, ಹತ್ತಕ್ಕೆ ಊಟ, ನಡುವಿನ ಒಂಬತ್ತು ಗಂಟೆಗಳಲ್ಲಿ ಟೀ, ಎರಡು ಬಿಸ್ಕತ್ತು ಮಾತ್ರ! ಯಾರಿಗೂ ತಡೆಯುವುದಿಲ್ಲ. ರಾತ್ರಿಯ ಪಾಲನ್ನು ಡಬ್ಬಿಯಲ್ಲಿ ಅಂಗಡಿಗೇ ತನ್ನಿ, ಐದೂವರೆಗೆ ಮುಗಿಸಿ. ಮಂಡಕ್ಕಿಯ ವಾಸನೆ ಬರುವ ಮೊದಲು ಹೊಟ್ಟೆಯಲ್ಲಿ ಏನಾದರೂ ಇರಬೇಕು. ಮನೆಗೆ ಬಂದ ಮೇಲೆ ಒಂದು ಬಟ್ಟಲು ಬಿಸಿ ಸಾರಿನ ತಿಳಿ, ಸೌತೆಕಾಯಿ, ಅಷ್ಟೇ. ತಿಳಿಗೆ ಉಪ್ಪು ಇರಲಿ. ಊಟ ಇಳಿದಾಗ ಮೂತ್ರದಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ. ಎದ್ದಾಗ ತಲೆ ಸುತ್ತುವುದು, ತಲೆನೋವು, ಸುಸ್ತು ಬರುತ್ತದೆ. ಅದನ್ನೂ ಜನ ಹಸಿವು ಅಂತಲೇ ತಿಳಿಯುತ್ತಾರೆ. ಬಿ.ಪಿ. ಅಥವಾ ಹೃದಯದ ಮಾತ್ರೆ ಇದ್ದವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿ.

ಮೂರನೆಯದನ್ನು ಏಕಾದಶಿ ಮಾಡುವವರೆಲ್ಲ ಕಂಡಿರುತ್ತಾರೆ. ಒಂದು ಗಂಟೆಗೆ ಹೊಟ್ಟೆ ತಾಳ ಹಾಕುತ್ತದೆ, ಏನೂ ತಿನ್ನದಿದ್ದರೂ ಮೂರು ಗಂಟೆಗೆ ತಣ್ಣಗಾಗುತ್ತದೆ. ಜಠರದಿಂದ ಬರುವ ಗ್ರೆಲಿನ್ ಅನ್ನುವ ಹಾರ್ಮೋನ್ ರೂಢಿಯ ಊಟದ ಹೊತ್ತಿಗೆ ಏರುತ್ತದೆ, ಊಟ ಬಾರದಿದ್ದರೆ ತಾನಾಗಿಯೇ ಇಳಿಯುತ್ತದೆ. ಹಸಿವು ಏರುತ್ತಲೇ ಹೋಗುತ್ತದೆ ಅನ್ನುವ ಭಯವೇ ಎಷ್ಟೋ ಜನರನ್ನು ಡಬ್ಬದ ಹತ್ತಿರ ಒಯ್ಯುತ್ತದೆ. ಅದು ಹಾಗೆ ಏರುತ್ತಲೇ ಹೋಗುವುದಿಲ್ಲ. ಆ ಹೊತ್ತಿಗೆ ಅಡುಗೆಮನೆಯಿಂದ ಹೊರಗಿರಿ, ಒಂದು ಲೋಟ ನೀರು ಕುಡಿದು ಓಣಿಯಲ್ಲಿ ಎರಡು ಸುತ್ತು ನಡೆಯಿರಿ. ನಡುಕ, ಬೆವರು ಬಂದರೆ ಮಾತ್ರ ಮೇಲೆ ಹೇಳಿದ ಸಕ್ಕರೆ ನೀರು. ಇದನ್ನು ಅದಲು ಬದಲು ಮಾಡಿಕೊಳ್ಳಬೇಡಿ.

ಹನ್ನೊಂದು ಗಂಟೆಯ ಮಂಡಕ್ಕಿಗೆ ನಾಚಿಕೊಂಡು ಬರೆದಿದ್ದೀರಿ. ನಾಚಿಕೆ ಬೇಡ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟು ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ, ನಿಮ್ಮ ಎರಡರಷ್ಟು. ಆ ಯುವಕರು ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕ ಕೂಡಿಟ್ಟುಕೊಂಡರು, ಊಟದ ಮಾತು ಬಿಟ್ಟು ಬೇರೆ ಮಾತೇ ಇರಲಿಲ್ಲ. ಹೊಟ್ಟೆ ಖಾಲಿ ಇದ್ದರೆ ತಲೆ ಹೀಗೆಯೇ ಕೆಲಸ ಮಾಡುತ್ತದೆ. ಹಾಗಾಗಿ ಮನಸ್ಸನ್ನು ನಂಬಿ ಕೂರಬೇಡಿ, ಡಬ್ಬ ಜಾಗ ಬದಲಿಸಿ. ಮನೆಯವರಿಗೆ ಹೇಳಿ ಮಂಡಕ್ಕಿ, ಕಡಲೆಕಾಯಿ ಬೀಜ ಕಣ್ಣಿಗೆ ಬೀಳದ ಹಾಗೆ ಇಡಿಸಿ. ಹುರಿದ ಬೀಜ ಒಂದು ಹಿಡಿ, 30 ಗ್ರಾಂ ಅಂದರೆ 170 ಕ್ಯಾಲೊರಿ. ನಿಮ್ಮ ಇಡೀ ದಿನದ ಐದನೇ ಒಂದು ಪಾಲು ಅದರಲ್ಲೇ ಹೋಯಿತು.

ಈ ಡಯಟ್ 12 ವಾರಕ್ಕಿಂತ ಜಾಸ್ತಿ ಬೇಡವೇ ಬೇಡ. ನಡುವೆ ಬಲಗಡೆ ಪಕ್ಕೆಲುಬಿನ ಕೆಳಗೆ ಜೋರು ನೋವು ಬಂದರೆ ಗ್ಯಾಸ್ ಅಂತ ಕೂರಬೇಡಿ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು.

ಪ್ರಶ್ನೆ: ಜೀರಿಗೆ ನೀರು, ಸೇಬಿನ ವಿನಿಗರ್ ಕುಡಿದರೆ ಹಸಿವು ಸಾಯುತ್ತದೆಯೇ?

ಉತ್ತರ: ಇಲ್ಲ. ಜೀರಿಗೆ ನೀರು ಕುಡಿಯಿರಿ, ತೊಂದರೆಯಿಲ್ಲ. ವಿನಿಗರ್ ದಿನಾ ಕುಡಿದರೆ ಹಲ್ಲು ಸವೆಯುತ್ತದೆ.

ಪ್ರಶ್ನೆ: ಗಿಡಮೂಲಿಕೆ ಪುಡಿಯೊಂದನ್ನು ತರಿಸಿದ್ದೇನೆ. ತಗೊಂಡ ಎರಡೇ ದಿನಕ್ಕೆ ಹಸಿವೇ ಇಲ್ಲ, ಬಾಯಿ ಒಣಗುತ್ತದೆ, ನಿದ್ದೆ ಬರುವುದಿಲ್ಲ. ಮುಂದುವರಿಸಲೇ?

ಉತ್ತರ: ಈಗಲೇ ನಿಲ್ಲಿಸಿ. ಎರಡು ದಿನಕ್ಕೆ ಹಸಿವನ್ನು ಹೀಗೆ ಕೊಲ್ಲುವ ಬೇರು, ತೊಗಟೆ ನಾನು ಕಂಡಿಲ್ಲ. ಸಿಬುಟ್ರಮಿನ್ ಅನ್ನುವ ಹಸಿವು ಕೊಲ್ಲುವ ಔಷಧಿ ಇತ್ತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಆಗುತ್ತದೆ ಅಂತ ಗೊತ್ತಾಗಿ 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಹೋಯಿತು, 2011ರಲ್ಲಿ ಭಾರತದಲ್ಲಿ ನಿಷೇಧ ಆಯಿತು. ಅದನ್ನೇ ಕದ್ದು ಬೆರೆಸಿ “ನೂರಕ್ಕೆ ನೂರು ನೈಸರ್ಗಿಕ” ಅಂತ ಮಾರುವುದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ನಿಮಗೆ ಆಗುತ್ತಿರುವ ಬಾಯಿ ಒಣಗುವುದು, ನಿದ್ದೆ ಬಾರದಿರುವುದು ಅದರ ಲಕ್ಷಣವೂ ಹೌದು. ಡಬ್ಬಿ ಎಸೆಯಬೇಡಿ, ಡಾಕ್ಟರ ಹತ್ತಿರ ಒಯ್ಯಿರಿ, ಬಿ.ಪಿ. ನೋಡಿಸಿ. ಇದನ್ನು ಮಾರುವವರ ಮೇಲೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ.

ಪ್ರಶ್ನೆ: ಎಚ್‌ಸಿಜಿ ಹನಿ ಹಾಕಿಕೊಂಡರೆ 500 ಕ್ಯಾಲೊರಿಯಲ್ಲೂ ಹಸಿವಾಗುವುದಿಲ್ಲವಂತೆ, ನಿಜವೇ?

ಉತ್ತರ: ಸುಳ್ಳು. ಎಚ್‌ಸಿಜಿ ಅಂದರೆ ಗರ್ಭಿಣಿಯರ ಮೈಯಲ್ಲಿ ಹುಟ್ಟುವ ಒಂದು ಹಾರ್ಮೋನ್. 1954ರಲ್ಲಿ ಸಿಮಿಯನ್ಸ್ ಎಂಬ ವೈದ್ಯರು ಹಬ್ಬಿಸಿದ ಮಾತು ಇದು. ಎಚ್‌ಸಿಜಿ ಇಂಜೆಕ್ಷನ್ನನ್ನು ಔಷಧಿಯೇ ಇಲ್ಲದ ಇಂಜೆಕ್ಷನ್ ಜೊತೆ ಹೋಲಿಸಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ತೂಕ ಇಳಿಸುವುದು 500 ಕ್ಯಾಲೊರಿ, ಹನಿಯಲ್ಲ.

ಪ್ರಶ್ನೆ: ಮಗುವಿಗೆ ಐದು ತಿಂಗಳು, ಹಾಲು ಕುಡಿಸುತ್ತಿದ್ದೇನೆ. 800ರ ಡಯಟ್ ಮಾಡಬಹುದೇ?

ಉತ್ತರ: ಬೇಡ. ಹಸಿವಾದಾಗ ಊಟ ಮಾಡಿ. ತೂಕದ ಮಾತು ಆಮೇಲೆ.

ಪ್ರಶ್ನೆ: ಎಂಟು ವಾರ ಮುಗಿಸಿ 11 ಕೆ.ಜಿ. ಇಳಿಸಿದೆ. ಈಗ ಮಾಮೂಲಿ ಊಟ ಮಾಡಿದರೂ ಮೊದಲಿಗಿಂತ ಜಾಸ್ತಿ ಹಸಿವು. ಏಕೆ?

ಉತ್ತರ: ಮೈ ಕಳೆದುಕೊಂಡದ್ದನ್ನು ವಾಪಸ್ ಕೇಳುತ್ತಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹತ್ತು ವಾರ ಇಂಥದ್ದೇ ಡಯಟ್ ಮಾಡಿದವರನ್ನು ಒಂದು ವರ್ಷದ ಮೇಲೆ ನೋಡಿದಾಗಲೂ ಹಸಿವಿನ ಹಾರ್ಮೋನ್‌ಗಳು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. 2011ರಲ್ಲಿ ಪ್ರಕಟವಾಯಿತು. ಇದನ್ನು ನಿಮಗೆ ಮೊದಲೇ ಯಾರೂ ಹೇಳದಿದ್ದದ್ದು ತಪ್ಪು. ಒಮ್ಮೆಲೇ ಹಳೆಯ ಊಟಕ್ಕೆ ಹೋಗಬೇಡಿ. ವಾರಕ್ಕೊಂದು ಹೊತ್ತಿನ ಊಟ ಸೇರಿಸುತ್ತಾ ಬನ್ನಿ, ಪ್ರೋಟೀನ್ ಇಳಿಸಬೇಡಿ, ರಾತ್ರಿ ಏಳು ಗಂಟೆ ನಿದ್ದೆ ಮಾಡಿ. ನಿದ್ದೆ ಕೆಟ್ಟರೆ ಗ್ರೆಲಿನ್ ಏರುತ್ತದೆ.

ಪ್ರಶ್ನೆ: ನನಗೆ 19 ವರ್ಷ, ಎತ್ತರ 160 ಸೆಂ.ಮೀ., ತೂಕ 52 ಕೆ.ಜಿ. ಅಕ್ಕನ ಮದುವೆಗೆ 20 ದಿನ ಇದೆ. ನಾಲ್ಕು ದಿನದಿಂದ 600 ಕ್ಯಾಲೊರಿಯಲ್ಲಿದ್ದೇನೆ, ಮನೆಯಲ್ಲಿ ಹೇಳಿಲ್ಲ. ಹಸಿವಿಗೆ ಏನು ಮಾಡಲಿ?

ಉತ್ತರ: ಊಟ ಮಾಡಮ್ಮ. ನಿನ್ನ ತೂಕ ಸರಿಯಾಗಿದೆ, ಇಳಿಸುವುದಕ್ಕೆ ಏನೂ ಇಲ್ಲ. ಈ ಡಯಟ್ ನಿನ್ನಂಥವರಿಗೆ ಅಲ್ಲವೇ ಅಲ್ಲ. ಇವತ್ತು ರಾತ್ರಿ ಮನೆಯವರ ಜೊತೆ ಕೂತು ಹೊಟ್ಟೆ ತುಂಬ ಊಟ ಮಾಡು, ಅಕ್ಕನಿಗೆ ವಿಷಯ ಹೇಳು. ತಿನ್ನೋಕೆ ಭಯ ಆಗುತ್ತಿದ್ದರೆ, ತಿಂದ ಮೇಲೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿದ್ದರೆ, ಅದನ್ನೂ ಹೇಳು. ಅವಳನ್ನೇ ಕರೆದುಕೊಂಡು ಡಾಕ್ಟರ ಹತ್ತಿರ ಹೋಗು. ಮದುವೆ ಮುಗಿಯಲಿ ಅಂತ ಕಾಯಬೇಡ.