ಕ್ಯಾರೆಕ್ಟರಿಗೆ ಹಿಂದಿನ ಕಥಿಗಿಂತ ಉದ್ರಿ ಮುಖ್ಯ

ಅಣ್ಣಾ ಅಂತ ಕರದು ಕೇಳೀರಿ, ಹಂಗಾಗಿ ಸಲಿಗಿಲಿಂದ ಉದ್ದಾಗೇ ಬರೀಲತ್ತೀನಿ. ಬೀದರದಾಗ ಐದು ಮಂದಿನ್ನ ಕೂಡಿಸ್ಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬರು ಕಥಿ ನಡಸ್ತಾರ, ಉಳದವರು ಒಂದೊಂದು ಪಾತ್ರ, ಅಂದ್ರ ಕ್ಯಾರೆಕ್ಟರ್, ಆಗಿ ಡೈಸ್ ಒಗದು ಆಡೋ ಆಟ) ಆಡಸ್ಲತ್ತೀರಿ, ಆರು ಸೆಷನ್ ಆಗ್ಯಾವ, ಹೊಡದಾಟ ಮುಗದ ಕೂಡ್ಲೇ ಎಲ್ಲರೂ ಮೊಬೈಲ್ ತಗೀತಾರ, ಹೊಸಾ ರಾಕ್ಷಸರನ್ನ ತರ್ಲೇನು ಅಂತ ನಿಮ್ಮ ಪ್ರಶ್ನೆ. ನೀವು ಹಾಕಿದ ಐದೂ ಕ್ಯಾರೆಕ್ಟರ್ ಶೀಟ್, ಅಂದ್ರ ಪಾತ್ರದ ವಿವರ ಬರದ ಹಾಳಿ, ಓದಿದೆ. ಐದರಾಗ ನಾಕು ಮಂದಿ ಅನಾಥರು. ಅಪ್ಪ ಇಲ್ಲ, ಅವ್ವ ಇಲ್ಲ, ಊರು ಡ್ರ್ಯಾಗನ್ ಸುಟ್ಟದ, ಈಗ ಸೇಡು ತೀರಿಸ್ಕೋಬೇಕು. ತೊಂದರಿ ಇಲ್ಲೇ ಅದ. ಅನಾಥಗ ಕಳಕೊಳ್ಳಲಕ್ಕ ಏನೂ ಉಳದಿರಂಗಿಲ್ಲ. ಅವನ ಬಾಗಲಕ್ಕ ಯಾರೂ ಬಂದು ನಿಂದ್ರಂಗಿಲ್ಲ. ಡಿಎಂ, ಅಂದ್ರ ಕಥಿ ನಡಸೋರು, ಆಗಿ ನಿಮಗ ಹಿಡದು ಜಗ್ಗಲಕ್ಕ ಒಂದು ಎಳಿನೂ ಸಿಗಂಗಿಲ್ಲ. ರಾಕ್ಷಸರು ಎಷ್ಟು ಬಂದ್ರೂ ಇದು ಸರಿಹೋಗಂಗಿಲ್ಲ.

ಅದಕ್ಕ ಬರೋ ಸೆಷನ್ ಶುರು ಮಾಡೋ ಮೊದಲು ಒಬ್ಬೊಬ್ಬರಿಗೂ ಎರಡೇ ಮಾತು ಕೇಳ್ರಿ: ನೀ ಯಾರಿಗೆ ಉದ್ರಿ ಕೊಡೋದದ? ನಿನಗ ಯಾರು ಕೊಡೋದದ? ರೊಕ್ಕದ ಉದ್ರಿನೇ ಆಗಬೇಕಂತಿಲ್ಲ. ಜೀವ ಉಳಿಸಿದ್ದು, ಕೊಟ್ಟ ಮಾತು, ಮುಚ್ಚಿಟ್ಟ ತಪ್ಪು, ಎಲ್ಲಾ ನಡೀತದ. ಆದ್ರ ಎರಡರಾಗ ಒಂದು ಉದ್ರಿ ಅದೇ ಟೇಬಲ್ಲಿಗೆ ಕೂತ ಇನ್ನೊಬ್ಬರ ಕ್ಯಾರೆಕ್ಟರ್ ಜೋಡಿ ಇರಲೇಬೇಕು. ಎರಡು ಪುಟದ ಹಿಂದಿನ ಕಥಿ ಬ್ಯಾಡ, ಎರಡು ಸಾಲು ಸಾಕು.

ನಮ್ಮ ಕಲಬುರಗಿ ಗುಂಪಿನಾಗ ಆಗಿದ್ದು ಹೇಳ್ತೀನಿ. ತೊಗರಿ ಬ್ಯಾಳಿ ಮಿಲ್ಲಿನಾಗ ಲೆಕ್ಕ ಬರಿಯೋ ಹುಡುಗ ಒಬ್ಬ ಡ್ವಾರ್ಫ್, ಅಂದ್ರ ಗಿಡ್ಡ ಕುಲದ, ಯೋಧನ ಆಡ್ತಾನ. ಶಕ್ತಿ 17, ಕೊಡಲಿ, ಗಡ್ಡ, ಅಷ್ಟೇ ಇತ್ತು ಶೀಟಿನಾಗ. ಉದ್ರಿ ಕೇಳಿದಾಗ ಭಾಳ ಹೊತ್ತು ಸುಮ್ನಿದ್ದು ಬರದ: 'ನಮ್ಮವ್ವನ ಔಷಧಿಗಿ ಆ ಕಳ್ಳಿ 40 ಬಂಗಾರದ ನಾಣ್ಯ ಕೊಟ್ಟಾಳ. ತಿರುಗಿ ಕೊಟ್ಟಿಲ್ಲ.' ಕಳ್ಳಿ ಅಂದ್ರ ಅದೇ ಟೇಬಲ್ಲಿನ ಹುಡುಗಿ ಒಬ್ಬಕಿ ಆಡೋ ಕಳ್ಳತನದ ಕ್ಯಾರೆಕ್ಟರ್. ಮೂರು ವಾರ ಆದ ಮ್ಯಾಲ ಆ ಕಳ್ಳಿ ಬಾವಿ ದಂಡಿಲಿಂದ ಹಗ್ಗಕ್ಕ ಜೋತು ಬಿದ್ಲು, ರಾಜಮುದ್ರಿ ಇದ್ದ ಪೆಟ್ಟಿಗಿ ಆ ಕಡಿ ಉರುಳ್ಲತ್ತಿತ್ತು. ಎರಡರಾಗ ಒಂದೇ ಹಿಡೀಬಹುದು. ಹುಡುಗ ಡೈಸ್ ಮುಟ್ಟೋ ಮೊದಲೇ 'ಹಗ್ಗ ಹಿಡೀತೀನಿ' ಅಂದ. ಇಪ್ಪತ್ತು ಮುಖದ ಡೈಸಿನಾಗ ಶಕ್ತಿ ಅಂಕ ಕೂಡಿಸಿ 13 ಬೇಕಿತ್ತು. ಬಿದ್ದದ್ದು 6, ಶಕ್ತಿದು 3 ಕೂಡಿಸಿದ್ರೂ 9.

ಇಲ್ಲಿ ಡಿಎಂ ಕೈಯಾಗ ಭಾಳ ಅದ. 'ಸೋತಿ, ಆಕಿ ಸತ್ಲು' ಅಂದ್ರ ಆಟ ಅಲ್ಲಿಗೇ ಸಾಯ್ತದ. ಸೋತ ಮ್ಯಾಲೂ ಕಥಿ ಮುಂದ ಹೋಗಬೇಕು. ಅವತ್ತು ಡಿಎಂ ಆಗಿದ್ದ ನಾ ಅಂದೆ: ಹಗ್ಗ ನಿನ್ನ ಕೈಯಾಗೇ ಅದ, ಆದ್ರ ಅಂಗೈ ತೊಗಲು ಕಿತ್ತದ, ನಾಳಿ ತನಕ ಕೊಡಲಿ ಹಿಡೀಲಕ್ಕ ಬರಂಗಿಲ್ಲ, ಪೆಟ್ಟಿಗಿ ನೀರಿನಾಗ ಬಿತ್ತು. ಕಳ್ಳಿನ್ನ ಆಡೋ ಹುಡುಗಿ ಏನೂ ಮಾತಾಡ್ಲಿಲ್ಲ. ತನ್ನ ಶೀಟಿನಾಗ '40 ನಾಣ್ಯ ಬರೋದದ' ಅನ್ನೋ ಸಾಲು ಪೆನ್ನಿಲಿಂದ ಹೊಡದು ಹಾಕಿದ್ಲು. ಅವತ್ತು ರಾತ್ರಿ ಹತ್ತೂವರಿ ತನಕ ಯಾರೂ ಎದ್ದಿಲ್ಲ.

ಉದ್ರಿ ನೆನಪಿಟ್ಟು ಆಡಿದವರಿಗೆ ಕೈಬಿಚ್ಚಿ ಕೊಡ್ರಿ. ಆಟದ ಐದನೇ ಆವೃತ್ತಿಯ 2014ರ ನಿಯಮದಾಗ ಇನ್ಸ್ಪಿರೇಷನ್ ಅಂತ ಅದಲ್ಲ, ಇಪ್ಪತ್ತು ಮುಖದ ಡೈಸ್ ಎರಡು ಸಲ ಒಗದು ದೊಡ್ಡದು ತಗೊಳ್ಳೋದು, ಅದಕ್ಕೇ ಇದು ಛಲೋ ಜಾಗ. 11 ಇಲ್ಲಾ ಅದಕ್ಕಿಂತ ಹೆಚ್ಚು ಬೀಳೋ ಸಂಭವ ನೂರಕ್ಕ 50 ಇದ್ದದ್ದು 75 ಆಗ್ತದ. ತನ್ನ ಲುಕ್ಸಾನ ಗೊತ್ತಿದ್ದೂ ಉದ್ರಿ ತೀರಿಸಿದವರಿಗೇ ಕೊಡ್ರಿ.

ಇನ್ನ ಕ್ಯಾಂಪೇನ್, ಅಂದ್ರ ಭಾಳ ಸೆಷನ್ ತನಕ ನಡಿಯೋ ದೊಡ್ಡ ಕಥಿ, ಅದರ ಮಾತು. ಬೀದರದಾಗ ಕೂತು ನೀವು ಮಂಜಿನ ದೇಶದ ಕಥಿ ಹುಡುಕ್ಲತ್ತೀರಿ. ಬಹಮನಿ ಸುಲ್ತಾನನ ಮಂತ್ರಿ ಮಹಮೂದ್ ಗವಾನನ ಸಾವು ನೆನಸ್ರಿ. ಖಾಲಿ ಕಾಗದದ ಮ್ಯಾಲ ಅವನ ಮುದ್ರಿ ಹಾಕಿಸ್ಕೊಂಡು, ಒಡಿಶಾದ ರಾಜಗ ದಂಡೆತ್ತಿ ಬಾ ಅಂತ ಕರದಂಗ ವೈರಿಗಳು ಪತ್ರ ಬರದ್ರು. ಸುಲ್ತಾನ ನಂಬಿದ. 1481ರಾಗ ಮುದುಕ ಮಂತ್ರಿ ತಲಿ ಹೋಯ್ತು, ಮರುವರ್ಷ ಸುಲ್ತಾನನೂ ಸತ್ತ, ಮುಂದ ರಾಜ್ಯ ಐದು ಹೋಳಾಯ್ತು. ಇದರಾಗ ಒಬ್ಬ ರಾಕ್ಷಸನೂ ಇಲ್ಲ ನೋಡ್ರಿ. ಹೆಸರು, ದೇಶ ಬದಲಿ ಮಾಡಿ, ಆ ಪತ್ರ ದರಬಾರಕ್ಕ ಮುಟ್ಟೋ ಹಿಂದಿನ ರಾತ್ರಿ ನಿಮ್ಮ ಐದು ಮಂದಿ ಕೈಗಿ ಸಿಗ್ಲಿ. ಮುದ್ರಿ ಖರೇ, ಬರಹ ಸುಳ್ಳು. ಸುಟ್ಟರ ಸಾಕ್ಷಿ ಹೋಯ್ತು, ತೋರಿಸಿದ್ರ ಮಂತ್ರಿ ಹೋದ. ಮುದ್ರಿ ಕಾಯೋನು ಕುಡದ ಮತ್ತಿನಾಗ ಒತ್ತಿ ಕೊಟ್ಟಾನ, ಅವಗೊಬ್ಬಳು ಸಣ್ಣ ಮಗಳದಾಳ. ಆ ಮನಷ್ಯಾನೇ ನಿಮ್ಮ ಅನಾಥರಾಗ ಒಬ್ಬನ್ನ ಸಾಕಿ ಬೆಳಸಿದ್ದ ಅಂತ ಇಟ್ಕೋರಿ. ಈಗ ಯಾರ ಮೊಬೈಲ್ ಹೊರಗ ಬರ್ತದ?

ಗವಿ, ಸುರಂಗ ಬೇಕಂದ್ರ ನೌಬಾದದ ಕಾರೇಜ್ ನಿಮ್ಮ ಬಲ್ಲೇ ಅದ. ಬಹಮನಿ ಕಾಲದಾಗ ಕೆಂಪು ಜಂಬಿಟ್ಟಿಗಿ ಕಲ್ಲು ಕೊರದು ನೆಲದ ಕೆಳಗ ನೀರು ಹರಿಸಿದ್ದು, ನಡುನಡುವ ಮ್ಯಾಲಿಂದ ಗಾಳಿ ಬೆಳಕು ಇಳಿಯೋ ಬಾವಿ ಬಾಯಿ. ಕತ್ತಲ, ಒಂದು ತುಕಡಿ ಬೆಳಕು, ಮತ್ತ ಕತ್ತಲ, ನಕ್ಷಾ ತಾನೇ ತಯಾರದ. ಅದಕ್ಕಿಂತ ಹೆಚ್ಚಿನ ಮಾತು, ಆ ಸುರಂಗಕ್ಕೊಂದು ಕೆಲಸ ಅದ. ಸುಮ್ನ ಖಜಾನಿ ಇಡಲಕ್ಕ ಯಾರೂ ಅಷ್ಟು ಕಲ್ಲು ಕೊರಿಯಂಗಿಲ್ಲ. ಒಳಗಿನ ಜಂತುಗಳನ್ನ ಮುಳುಗಿಸಬೇಕಂತ ಆಟಗಾರರು ನೀರು ಕಟ್ಟಿದ್ರ, ಮುಂದಿನ ಸೆಷನ್ನಿನ ಮುಂಜಾನಿ ಹೆಣ್ಮಕ್ಕಳು ಕೊಡ ಹಿಡಕೊಂಡು ಒಣ ಬಾವಿ ಮುಂದ ನಿಂತಿರಬೇಕು.

ಮಂತ್ರದ ಸಾಮಾನಿಗೂ ಹಂಗೇ. ಬರೇ ಒಂದು ಅಂಕ ಹೆಚ್ಚು ಕೊಡೋ ಕತ್ತಿ ಯಾರಿಗೂ ನೆನಪಿರಂಗಿಲ್ಲ. ಬಿದ್ರಿ ಸಾಮಾನ ಬೀದರ ಕಿಲ್ಲಾದ ಮಣ್ಣಿಲಿಂದ ಕಪ್ಪಾಗ್ತದ, ಬೆಳ್ಳಿ ಮಾತ್ರ ಬೆಳ್ಳಗೇ ಉಳೀತದ. ಅಂಥ ಹಿಡಿಕಿ ಇರೋ ಕತ್ತಿ ಕೊಡ್ರಿ, ಹಿಡದವರು ಸುಳ್ಳು ಆಣಿ ಮಾಡಿದ್ರ ಬೆಳ್ಳಿನೂ ಕಪ್ಪಾಗೋವಂಥಾದ್ದು. ಆದ್ರ ಶರಣರು, ಸೂಫಿಗಳು, ದೇವರು, ಇವರನ್ನ ಆಟದಾಗ ತರಬ್ಯಾಡ್ರಿ. ಮಂದಿ ಕೈ ಮುಗಿಯೋರನ್ನ ಡೈಸ್ ಒಗದು ಸೋಲಿಸೋದು ನನಗ ಸೇರಂಗಿಲ್ಲ.

ಮಾತು ನಮ್ಮ ಭಾಷಾದಾಗೇ ಆಡ್ರಿ, ನಿಯಮದ ಶಬ್ದ ಬೇಕಂದ್ರ ಇಂಗ್ಲಿಷ್ ಇರ್ಲಿ. ಕೋಟಿ ಬಾಗಲ ಕಾಯೋನು 'ಏನೋ ತಮ್ಮಾ, ಸುಂಕ ತಂದೀಯೇನು, ಬರೇ ಮಾರಿ ತಂದೀ?' ಅಂದ್ರ, ಆರು ಸೆಷನ್ ಬಾಯಿ ಬಿಡದ ಹುಡುಗನೂ ಚೌಕಾಸಿಗೆ ಇಳೀತಾನ.

ಐದೂ ಮಂದಿ ಉದ್ರಿ ಬರಸಿದ ಮ್ಯಾಲ ಇಲ್ಲೇ ಹಾಕ್ರಿ. ಯಾವ ಉದ್ರಿ ಮೊದಲು ಕೇಳಲಕ್ಕ ಬರ್ತದ, ಯಾವುದು ಕಡಿ ತನಕ ಮುಚ್ಚಿಡಬೇಕು, ಕೂಡಿ ನೋಡೋಣ.