ವೇಲ್ಸ್‌ನ ಸ್ವಾನ್ಸಿಗೆ ಹೊಸದಾಗಿ ಬಂದ ತಂಗಿಗೆ: ಆಸ್ಪ್ರೀಸ್ ಎಂಬ ರಗ್ಬಿ ತಂಡದ ಕಥೆ

ತಂಗೀ, ನಿನ್ನ ಪ್ರಶ್ನೆ ಓದಿ ಖುಷಿ ಆಯಿತು. ಬಾಡಿಗೆ ಮನೆ, ಕೌನ್ಸಿಲ್ ಟ್ಯಾಕ್ಸ್, ತೊಗರಿಬೇಳೆ ಎಲ್ಲಿ ಸಿಗುತ್ತದೆ ಅಂತ ಕೇಳುವವರೇ ಜಾಸ್ತಿ. ನೀನು ಕೇಳಿದ್ದು ಬೇರೆ: "ಅಕ್ಕಾ, ಮಾರಿಸ್ಟನ್ ಆಸ್ಪತ್ರೆಗೆ ನರ್ಸ್ ಆಗಿ ಸೇರಿದ್ದೇನೆ. ಟೀ ಬ್ರೇಕ್‌ನಲ್ಲಿ ಎಲ್ಲರದ್ದೂ ಆಸ್ಪ್ರೀಸ್ ಮಾತೇ. ತಂಡ ಉಳಿಯುತ್ತೋ ಇಲ್ಲವೋ ಅಂತ ಒಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡರು. ಪಕ್ಕದ ನೀತ್ ಊರಿನವರು ಮಾತ್ರ ಅದು ನಮ್ಮ ತಂಡವೇ ಅಲ್ಲ ಅಂದುಬಿಟ್ಟರು. ಏನಕ್ಕಾ ಇದು? ಅವರ ಜೊತೆ ಏನು ಮಾತಾಡಲಿ?"

ಇದು ತಿಳಿದರೆ ಈ ಊರುಗಳ ಜನ ಅರ್ಧ ತಿಳಿದ ಹಾಗೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಆಸ್ಪ್ರೀಸ್ ಹುಟ್ಟಿದ್ದು 2003ರಲ್ಲಿ. ಆದರೆ ಕಥೆ ಅದಕ್ಕಿಂತ ನೂರು ವರ್ಷ ಮೊದಲೇ ಶುರುವಾಗುತ್ತದೆ. ನೀತ್ ಮತ್ತು ಸ್ವಾನ್ಸಿ ನಡುವೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಎರಡೂ ಊರಿಗೆ ಅವರವರದೇ ರಗ್ಬಿ ಕ್ಲಬ್. ನೀತ್ ಕ್ಲಬ್ 1871ರದ್ದು, ವೇಲ್ಸ್‌ನಲ್ಲೇ ತುಂಬಾ ಹಳೆಯದು. ಕಪ್ಪು ಅಂಗಿ, ಎದೆಯ ಮೇಲೆ ಬಿಳಿ ಶಿಲುಬೆ. ಅವರ ಮೈದಾನದ ಹೆಸರು ನೋಲ್. ಇಡೀ ವೇಲ್ಸ್‌ನ ರಗ್ಬಿ ಒಕ್ಕೂಟ ಹುಟ್ಟಿದ್ದೂ ನೀತ್‌ನ ಕಾಸಲ್ ಹೋಟೆಲ್‌ನಲ್ಲಿ, 1881ರಲ್ಲಿ. ಆ ಹೆಮ್ಮೆ ಅವರಿಗೆ ಇರದೆ ಇರುತ್ತದಾ?

ಸ್ವಾನ್ಸಿಯವರದ್ದು ಪೂರ್ತಿ ಬಿಳಿ ಅಂಗಿ. ಸಮುದ್ರದ ಎದುರಿಗೇ ಸೇಂಟ್ ಹೆಲೆನ್ಸ್ ಮೈದಾನ. 1935ರಲ್ಲಿ ಅಲ್ಲಿ ನ್ಯೂಜಿಲೆಂಡ್ ತಂಡವನ್ನು 11–3ರಿಂದ ಸೋಲಿಸಿದರು. ಆ ದಿನ ಸ್ವಾನ್ಸಿ ಪರ ಆಡಿದವರಲ್ಲಿ ಹೇಡನ್ ಟ್ಯಾನರ್ ಮತ್ತು ವಿಲ್ಲಿ ಡೇವಿಸ್ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗರು. ಕ್ರಿಕೆಟ್ ನೋಡಿ ಬೆಳೆದ ನಿನಗೆ ಇನ್ನೊಂದು ವಿಷಯ ಹೇಳಲೇಬೇಕು. ಗ್ಯಾರಿ ಸೋಬರ್ಸ್ 1968ರಲ್ಲಿ ಒಂದೇ ಓವರ್‌ನಲ್ಲಿ ಆರು ಸಿಕ್ಸರ್ ಹೊಡೆದದ್ದು ಇದೇ ಸೇಂಟ್ ಹೆಲೆನ್ಸ್‌ನಲ್ಲಿ. ಅಲ್ಲಿ ರಗ್ಬಿ, ಕ್ರಿಕೆಟ್ ಎರಡೂ ಆಡುತ್ತಿದ್ದರು.

ಈ ಎರಡು ಊರಿನವರಿಗೆ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ದ್ವೇಷ ಅಂತಲ್ಲ, ಆದರೆ ಆ ಮ್ಯಾಚ್ ಸೋತರೆ ವಾರ ಪೂರ್ತಿ ಊಟ ರುಚಿಸುತ್ತಿರಲಿಲ್ಲ ಅಂತ ಹಳಬರು ಹೇಳುತ್ತಾರೆ. ಅಂಥ ಎರಡು ಊರನ್ನು ಸೇರಿಸಿ ಒಂದು ತಂಡ ಮಾಡಿದರು.

ಯಾಕೆ ಅಂದರೆ ದುಡ್ಡು. 1995ರವರೆಗೆ ಇಲ್ಲಿ ಆಡುವ ಬಗೆಯ ರಗ್ಬಿಯಲ್ಲಿ (ರಗ್ಬಿ ಯೂನಿಯನ್) ಆಟಗಾರರಿಗೆ ಸಂಬಳ ಕೊಡುವ ಹಾಗಿರಲಿಲ್ಲ. ಹಗಲು ಗಣಿಯಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ಶಾಲೆಯಲ್ಲೋ ಕೆಲಸ, ಶನಿವಾರ ಆಟ. ಆ ವರ್ಷ ನಿಯಮ ಸಡಿಲಿಸಿದ ಮೇಲೆ ಸಂಬಳ ಕೊಡಲು ಹೋಗಿ ವೇಲ್ಸ್‌ನ ಕ್ಲಬ್‌ಗಳು ಸಾಲದಲ್ಲಿ ಬಿದ್ದವು. ಅತ್ತ ಐರ್ಲೆಂಡ್ ತನ್ನ ನಾಲ್ಕು ಪ್ರಾಂತ್ಯಗಳನ್ನೇ ತಂಡಗಳನ್ನಾಗಿ ಮಾಡಿಕೊಂಡು ಯುರೋಪಿನಲ್ಲಿ ಗೆಲ್ಲುತ್ತಿತ್ತು. ನಾವೂ ಹಾಗೆ ಮಾಡೋಣ ಅಂತ ಒಕ್ಕೂಟದ ಆಗಿನ ಮುಖ್ಯಸ್ಥ ಡೇವಿಡ್ ಮಾಫೆಟ್ ಪಟ್ಟು ಹಿಡಿದರು. ಒಂಬತ್ತು ದೊಡ್ಡ ಕ್ಲಬ್‌ಗಳ ಜಾಗದಲ್ಲಿ 2003ರಲ್ಲಿ ಐದು ಪ್ರಾದೇಶಿಕ ತಂಡಗಳು ಬಂದವು. ಕಾರ್ಡಿಫ್ ಮತ್ತು ಲನೆಲ್ಲಿ ಯಾರ ಜೊತೆಗೂ ಸೇರಲಿಲ್ಲ, ಒಂಟಿಯಾಗಿಯೇ ಉಳಿದವು. ಆದರೆ ನೀತ್ ಮತ್ತು ಸ್ವಾನ್ಸಿ ಒಂದೇ ತಂಡವನ್ನು ಹಂಚಿಕೊಳ್ಳಬೇಕಾಯಿತು. ತಂಡದ ಹೆಸರು ನೀತ್–ಸ್ವಾನ್ಸಿ ಆಸ್ಪ್ರೀಸ್. ಮೊದಲು ಒಂದು ಮ್ಯಾಚ್ ನೋಲ್‌ನಲ್ಲಿ ನಡೆದರೆ ಇನ್ನೊಂದು ಸೇಂಟ್ ಹೆಲೆನ್ಸ್‌ನಲ್ಲಿ.

ಸ್ವಲ್ಪ ಕಾಲದಲ್ಲೇ ಹೆಸರಿನಿಂದ ಎರಡು ಊರೂ ಬಿದ್ದುಹೋಗಿ ಬರೀ ಆಸ್ಪ್ರೀಸ್ ಉಳಿಯಿತು. 2005ರಲ್ಲಿ ತಂಡ ಸ್ವಾನ್ಸಿಯ ಹೊಸ ಲಿಬರ್ಟಿ ಸ್ಟೇಡಿಯಂಗೆ ಹೋಯಿತು. ಅಲ್ಲಿಗೆ ನೋಲ್ ಕೈಬಿಟ್ಟಿತು. ಜೆರ್ಸಿ ಮಾತ್ರ ಕಪ್ಪಾಗಿಯೇ ಉಳಿಯಿತು. ನಿನ್ನ ಜೊತೆ ಕೆಲಸ ಮಾಡುವ ನೀತ್‌ನವರು ಹಾಗೆ ಹೇಳಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಅವರ ಅಪ್ಪ, ಅಜ್ಜ ನಿಂತು ನೋಡುತ್ತಿದ್ದ ಮೈದಾನದಿಂದ ದೊಡ್ಡ ಆಟವೇ ಹೊರಟುಹೋಯಿತು. ಆ ನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡ.

ಐದನೆಯ ತಂಡದ್ದು ಇನ್ನೂ ಸಂಕಟದ ಕಥೆ. ಬ್ರಿಡ್ಜೆಂಡ್ ಮತ್ತು ಪಾಂಟಿಪ್ರೀದ್ ಸೇರಿ ಆದ ಸೆಲ್ಟಿಕ್ ವಾರಿಯರ್ಸ್ ಒಂದೇ ಸೀಸನ್ ಬದುಕಿತು. 2004ರಲ್ಲಿ ಅದನ್ನು ಮುಚ್ಚಿಬಿಟ್ಟರು. ಕಲ್ಲಿದ್ದಲು ಗಣಿಗಳು ಮುಚ್ಚಿ ಮೊದಲೇ ಸೊರಗಿದ್ದ ಕಣಿವೆಗಳಿಂದ ತಂಡವೂ ಹೋಯಿತು. ಬ್ರಿಡ್ಜೆಂಡ್ ಸೀಮೆಯನ್ನು ಆಸ್ಪ್ರೀಸ್‌ಗೆ ಸೇರಿಸಿದರು. ವಾರಿಯರ್ಸ್ ತಂಡದಿಂದ ಬಂದ ರಯಾನ್ ಜೋನ್ಸ್ ಮುಂದೆ ಆಸ್ಪ್ರೀಸ್‌ಗೂ ವೇಲ್ಸ್‌ಗೂ ಕ್ಯಾಪ್ಟನ್ ಆದರು.

ಹೀಗೆ ಒಲ್ಲದ ಮನಸ್ಸಿನಿಂದ ಕೂಡಿದ ತಂಡ ಎಷ್ಟು ಚೆನ್ನಾಗಿ ಆಡಿತು ಗೊತ್ತಾ! 2005, 2007, 2010, 2012, ನಾಲ್ಕು ಸಲ ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ಆಡುವ ಲೀಗ್ ಗೆದ್ದಿತು. ವೇಲ್ಸ್‌ನ ಬೇರೆ ಯಾವ ಪ್ರಾದೇಶಿಕ ತಂಡವೂ ಅಷ್ಟು ಗೆದ್ದಿಲ್ಲ. 2008ರ ಫೆಬ್ರವರಿಯಲ್ಲಿ ವೇಲ್ಸ್ ಲಂಡನ್ನಿನ ಟ್ವಿಕೆನಮ್‌ನಲ್ಲಿ ಇಂಗ್ಲೆಂಡ್ ಎದುರು ಇಳಿದಾಗ ಮೊದಲ ಹದಿನೈದರಲ್ಲಿ ಹದಿಮೂರು ಜನ ಆಸ್ಪ್ರೀಸ್‌ನವರು! ಅರ್ಧ ಆಟಕ್ಕೆ ಹಿಂದೆ ಬಿದ್ದಿದ್ದ ವೇಲ್ಸ್ 26–19ರಿಂದ ಗೆದ್ದಿತು. ಆ ಮೈದಾನದಲ್ಲಿ ಇಂಗ್ಲೆಂಡನ್ನು ಸೋಲಿಸಿ ಇಪ್ಪತ್ತು ವರ್ಷ ಆಗಿತ್ತು. ಅಲ್ಲಿಂದ ಆ ವರ್ಷದ ಸಿಕ್ಸ್ ನೇಷನ್ಸ್ ಎಂಬ ಆರು ದೇಶಗಳ ಟೂರ್ನಿಯ ಐದೂ ಮ್ಯಾಚ್ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ತಂದರು. ಆ ತಂಡದ ಅಲನ್ ವಿನ್ ಜೋನ್ಸ್ ಸ್ವಾನ್ಸಿಯ ಹುಡುಗ, ಮುಂದೆ ವೇಲ್ಸ್ ಪರ 158 ಪಂದ್ಯ ಆಡಿದರು. ನಿನ್ನ ವಾರ್ಡ್‌ನಲ್ಲಿ ಈ ಹೆಸರು ಹೇಳಿ ನೋಡು, ನಾಲ್ಕು ಹಾಸಿಗೆಯವರು ಎದ್ದು ಕೂರುತ್ತಾರೆ.

ಆ ಲೀಗ್‌ನ 2012ರ ಫೈನಲ್ ಬಗ್ಗೆ ಹೇಳದೆ ಬಿಡಲಾರೆ. ಡಬ್ಲಿನ್‌ನಲ್ಲಿ, ಐರ್ಲೆಂಡ್‌ನ ಲೆನ್‌ಸ್ಟರ್ ತಂಡದ ಎದುರು, ಅವರದೇ ಊರಿನಲ್ಲಿ. ಲೆನ್‌ಸ್ಟರ್ ಹಿಂದಿನ ವಾರವಷ್ಟೇ ಯುರೋಪಿನ ಕಪ್ ಗೆದ್ದಿತ್ತು. ಆಟ ಮುಗಿಯುತ್ತಾ ಬಂದರೂ ಲೆನ್‌ಸ್ಟರ್ 30, ಆಸ್ಪ್ರೀಸ್ 24. ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಅಂದರೆ ಟ್ರೈ ಒಂದೇ ಸಾಲದು, ಒದೆತವೂ ಹೋಗಬೇಕು. ಶೇನ್ ವಿಲಿಯಮ್ಸ್ ಅಂತ ಗಿಡ್ಡ ಆಳು, ಆಸ್ಪ್ರೀಸ್‌ಗೆ ಅದೇ ಅವರ ಕೊನೆಯ ಮ್ಯಾಚ್. ಮೂಲೆಯಲ್ಲಿ ಹಾರಿ ಟ್ರೈ ಹೊಡೆದರು. 29–30. ಮೂಲೆಯ ಟ್ರೈ ಅಂದರೆ ಒದೆಯುವುದೂ ಅಂಚಿನಿಂದಲೇ, ಕಂಬಗಳ ನಡುವಿನ ಜಾಗ ಕಣ್ಣಿಗೆ ಇಷ್ಟೇ ಇಷ್ಟು ಕಾಣುತ್ತದೆ. ಡ್ಯಾನ್ ಬಿಗರ್ ಒದ್ದರು. ಹೋಯಿತು. 31–30. ಇವತ್ತಿಗೂ ಆ ವಿಡಿಯೊ ನೋಡಿದರೆ ನನ್ನ ಮೈ ಜುಮ್ಮೆನ್ನುತ್ತದೆ.

ಆಮೇಲೆ ಕಪ್ ಬಂದಿಲ್ಲ. ದುಡ್ಡು ಕಡಿಮೆ ಆಯಿತು. ಜೇಮ್ಸ್ ಹುಕ್, ಮೈಕ್ ಫಿಲಿಪ್ಸ್, ಲೀ ಬರ್ನ್ ಅಷ್ಟರಲ್ಲಾಗಲೇ ಫ್ರಾನ್ಸ್‌ಗೆ ಹೋಗಿದ್ದರು. 2018ರಲ್ಲಿ ಬಿಗರ್ ಕೂಡ ಇಂಗ್ಲೆಂಡಿಗೆ ಹೋದರು. ಇಪ್ಪತ್ತು ಸಾವಿರ ಜನ ಹಿಡಿಸುವ ಸ್ಟೇಡಿಯಂನಲ್ಲಿ ಖಾಲಿ ಸೀಟುಗಳೇ ಜಾಸ್ತಿ ಕಾಣುತ್ತಿದ್ದವು. ಹಾಗಾಗಿ ಅದನ್ನು ಬಿಟ್ಟು, ಸೇಂಟ್ ಹೆಲೆನ್ಸ್ ಅನ್ನೇ ಹೊಸದಾಗಿ ಕಟ್ಟಿಸಿಕೊಂಡು ಅಲ್ಲಿಗೆ ವಾಪಸ್ ಹೋಗುವ ಯೋಚನೆ ಮಾಡಿದರು. ಅಲ್ಲಿಯವರೆಗೆ ಅಂತ 2025–26ರ ಸೀಸನ್‌ಗೆ ಬ್ರಿಡ್ಜೆಂಡ್‌ನ ಬ್ರೂವರಿ ಫೀಲ್ಡ್‌ಗೆ ಬಂದರು. ಅಷ್ಟರಲ್ಲಿ, 2025ರ ಅಕ್ಟೋಬರ್‌ನಲ್ಲಿ, ನಾಲ್ಕು ತಂಡಗಳನ್ನು ಮೂರಕ್ಕೆ ಇಳಿಸುತ್ತೇವೆ ಅಂತ ಒಕ್ಕೂಟ ಹೇಳಿತು. ಹೋಗುವ ತಂಡ ಯಾವುದು ಎಂಬ ಮಾತಿನಲ್ಲಿ ಆಸ್ಪ್ರೀಸ್ ಹೆಸರು ಮತ್ತೆ ಮತ್ತೆ ಬರತೊಡಗಿತು. ನಿನ್ನ ಜೊತೆಯವರ ಕಣ್ಣೀರು ಅದಕ್ಕೆ.

ನನಗೆ ಕೇಳಿದರೆ, ಇದು ತಪ್ಪು. ಊರ ಕ್ಲಬ್ ಬಿಟ್ಟುಕೊಡಿ, ದೊಡ್ಡ ತಂಡ ಬೇಕು ಅಂತ ಜನರನ್ನು ಒಪ್ಪಿಸಿದರು. ಜನ ಒಪ್ಪಿಕೊಂಡು, ಆ ಕಪ್ಪು ಜೆರ್ಸಿ ಹಾಕಿ ಮಕ್ಕಳನ್ನು ಬೆಳೆಸಿದರು. ಇಪ್ಪತ್ತೆರಡು ವರ್ಷದ ಮೇಲೆ ಅದನ್ನೂ ಬಿಡಿ ಅಂದರೆ ಹೇಗೆ? ದುಡ್ಡಿಲ್ಲ ಎಂಬುದು ನಿಜ. ಆದರೆ ಜಾಕ್ ಮಾರ್ಗನ್, ಡೆವಿ ಲೇಕ್ ತರಹದ ವೇಲ್ಸ್ ಕ್ಯಾಪ್ಟನ್‌ಗಳು ಈಚೆಗೂ ಈ ತಂಡದಿಂದಲೇ ಬಂದಿದ್ದಾರೆ. ವೇಲ್ಸ್ ತಂಡದ ಈಗಿನ ಕೋಚ್ ಸ್ಟೀವ್ ಟ್ಯಾಂಡಿ ಕೂಡ ಇಲ್ಲಿಯವರೇ, 2012ರ ಆ ಫೈನಲ್‌ನಲ್ಲಿ ಆಸ್ಪ್ರೀಸ್ ಕೋಚ್ ಆಗಿದ್ದವರು.

ಏನು ಮಾತಾಡಲಿ ಅಂತ ನೀನು ಕೇಳಿದ್ದೆ. ಯಾವ ತಂಡ ಅಂತ ಕೇಳಬೇಡ, ನಿಮ್ಮದು ಯಾವ ಊರು ಅಂತ ಕೇಳು. ನೀತ್ ಅಂದರೆ ನೋಲ್ ಬಗ್ಗೆ ಕೇಳು. ಸ್ವಾನ್ಸಿಯ ವಯಸ್ಸಾದವರಾದರೆ ಸೇಂಟ್ ಹೆಲೆನ್ಸ್ ಬಗ್ಗೆ. ಬ್ರಿಡ್ಜೆಂಡ್‌ನವರ ಹತ್ತಿರ ವಾರಿಯರ್ಸ್ ವಿಷಯ ನೀನಾಗಿ ಎತ್ತಬೇಡ, ಅವರೇ ಹೇಳಿದರೆ ಸುಮ್ನೆ ಕೇಳಿಸಿಕೋ. ನಾನು ವಾರ್ಡ್‌ನಲ್ಲಿದ್ದಾಗ, ಆಪರೇಷನ್ ಆದ ಮೇಲೆ ಯಾರ ಹತ್ತಿರವೂ ಬಾಯಿ ಬಿಡದ ಅಜ್ಜನೊಬ್ಬರು ನೋಲ್ ಅಂದ ತಕ್ಷಣ ಅರ್ಧ ಗಂಟೆ ಮಾತಾಡಿದ್ದರು, ಮಾತ್ರೆಯನ್ನೂ ತಕರಾರಿಲ್ಲದೆ ನುಂಗಿದರು.

ಒಂದು ಮ್ಯಾಚ್ ಕಣ್ಣಾರೆ ನೋಡು. ಸ್ವಾನ್ಸಿಯಿಂದ ಬ್ರಿಡ್ಜೆಂಡ್‌ಗೆ ನೇರ ರೈಲಿದೆ, ಸ್ಟೇಷನ್‌ನಿಂದ ಮೈದಾನಕ್ಕೆ ನಡೆದೇ ಹೋಗಬಹುದು. ನಿಂತು ನೋಡುವ ಕಡೆ ಟಿಕೆಟ್ ತಗೋ, ಅಲ್ಲಿ ಆಟಗಾರರು ಡಿಕ್ಕಿ ಹೊಡೆಯುವ ಸದ್ದೂ ಕೇಳಿಸುತ್ತದೆ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣುವುದಿಲ್ಲ, ಟೋಪಿ ಇರುವ ಮಳೆ ಜಾಕೆಟ್ ಹಾಕಿಕೋ. ನಿನ್ನ ಆಫ್ ಯಾವಾಗ ಅಂತ ತಿಳಿಸು, ನಾನೂ ಬರುತ್ತೇನೆ.